ಹೊರಗಿನ ವಾರ

ಬೆಮಿಜಿ, ಮಿನ್ನೆಸೋಟ
ಫೆಬ್ರವರಿ, ಗುರುವಾರ

ಪ್ರೀತಿಯ ನೋರೀನ್,

ಭಾನುವಾರ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರ ಕೊಡದೆ, ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ನಾನು ಫೋನ್ ಇಟ್ಟುಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ. ಇಡೀ ಆಯುಸ್ಸನ್ನು ಶಾಲೆಯ ಅಡುಗೆಮನೆಯಲ್ಲಿ ಸವೆಸಿದವಳಿಗೆ ಬಾಯಿಗೆ ಮೊದಲು ಬರುವ ಸುಳ್ಳು ಅದೇ. ಅಂದಿನಿಂದ ನಿನ್ನ ಪ್ರಶ್ನೆ ತಲೆಯಲ್ಲಿ ಸುತ್ತುತ್ತಲೇ ಇದೆ. ಬಾಯಿಮಾತಿನಲ್ಲಿ ನಾನು ಯಾವತ್ತೂ ಎಡವಟ್ಟು ಮಾಡಿಕೊಳ್ಳುವವಳು, ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅದಕ್ಕೇ ಬರೆಯಲು ಕೂತಿದ್ದೇನೆ.

ನೀನು ಕೇಳಿದ್ದು ಇಷ್ಟು. ಡ್ಯೂಯಿ ತೀರಿಹೋದ ಮೇಲೆ, ಮನೆಗಾಡಿ ನಿಲ್ಲಿಸಿಕೊಂಡು ಇರಲು ಜಾಗ ಕೊಡುವ ಆ ಕ್ಯಾಂಪ್ ಕಂಪನಿಯವರು, ಮೆಂಬರ್‌ಶಿಪ್ ಮುಂದುವರಿಸುತ್ತೀರೋ ಬಿಡುತ್ತೀರೋ ಈ ತಿಂಗಳೊಳಗೆ ತಿಳಿಸಿ ಎಂದಿದ್ದಾರೆ. ಮುಂದುವರಿಸುವುದಾದರೆ ಗಂಡನ ಹೆಸರಿದ್ದ ಕಡೆ, ಜೊತೆಗೆ ತಿರುಗಾಡುವ ಇನ್ನೊಬ್ಬರ ಹೆಸರು ಹಾಕಬಹುದಂತೆ. "ಇದನ್ನ ಇಟ್ಕೊಂಡ್ರೆ ಲಾಭ ಇದೆಯಾ ಆರ್ಡಿತ್? ಲೆಕ್ಕಾಚಾರದಲ್ಲಿ ನೀನೂ ಹಾರ್ಲನ್ನೂ ಗಂಡ ಹೆಂಡ್ತಿ ಇಬ್ರೂ ಗಟ್ಟಿ. ಇಟ್ಕೊಳ್ಳೋದೇ ಆದ್ರೆ ಡ್ಯೂಯಿ ಜಾಗಕ್ಕೆ ನಿನ್ನ ಹೆಸರು ಹಾಕ್ಲಾ?" ಎಂದು ಕೇಳಿದೆ. ಕೊನೆಯ ಮಾತನ್ನು ನೀನು ನಗುತ್ತಲೇ ಕೇಳಿದೆ. ಆದರೆ ಆ ನಗು ತಮಾಷೆಯದಲ್ಲ ಎಂದು ನನಗೆ ಗೊತ್ತಾಯಿತು.

ಲೆಕ್ಕಾಚಾರದಲ್ಲಿ ನಾವು ಗಟ್ಟಿ ಎಂದೆಯಲ್ಲ, ಆ ಮಾತು ಚುಚ್ಚಿತು ಕಣೇ.

ಊರಿನ ಹಿಮ ತಪ್ಪಿಸಿಕೊಳ್ಳಲು ದಕ್ಷಿಣದ ಮರಳುಗಾಡಿಗೆ ಹೋದ ಮೊದಲ ಚಳಿಗಾಲ ನಿನಗೆ ನೆನಪಿದೆಯೇ? ಗಾಳಿ ನಮ್ಮ ಮನೆಗಾಡಿಯ ಚಪ್ಪರವನ್ನು ಕಿತ್ತು ಎಸೆಯುತ್ತಿದ್ದಾಗ, ಕೇಳದೆ ಹೇಳದೆ ಹಗ್ಗ ಹಿಡಿದು ಓಡಿ ಬಂದವಳು ನೀನು. ಹಿಂದೆಯೇ ಡ್ಯೂಯಿ ಸುತ್ತಿಗೆ ತಂದ. ಗಾಳಿ ನಿಂತ ಮೇಲೆ ತಾನೇ ಹೆಸರು ಕೇಳಿಕೊಂಡದ್ದು. ಮಾರನೆಯ ದಿನವೇ ನಿಮ್ಮ ಗಾಡಿ ನಮ್ಮ ಬಾಗಿಲಿಗೆ ಎದುರಾಗಿ ನಿಂತಿತು. ಅಲ್ಲಿಂದ ಮುಂದೆ ಪ್ರತಿ ಚಳಿಗಾಲವೂ ಹಾಗೆಯೇ, ಬಾಗಿಲಿಗೆ ಬಾಗಿಲು, ನಡುವೆ ಒಂದು ಬೆಂಕಿ. ಗಾಡಿಯಲ್ಲಿ ತಿರುಗುವ ನಮ್ಮ ಜನರಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಬೆಂಕಿ ಕಂಡರೆ ಅವರವರ ಕುರ್ಚಿ ಅವರವರು ಎತ್ತಿಕೊಂಡು ಬರಬೇಕು, ಕೂರಬೇಕು. ಬನ್ನಿ ಎಂದರೆ ಹೊಸಬರು ಎಂದರ್ಥ. ನಿನ್ನನ್ನು ನಾನು ಒಮ್ಮೆಯೂ ಬಾ ಎಂದವಳಲ್ಲ, ಮತ್ತು ಅದನ್ನು ದೊಡ್ಡ ಸ್ನೇಹ ಎಂದುಕೊಂಡಿದ್ದೆ.

ಆಮೇಲೆ ಆ ಬಾಣಲೆ ಬಂತು. ನದಿಯ ಹತ್ತಿರದ ಹೊಸ ಕ್ಯಾಂಪನ್ನು ಸುತ್ತಾಡಿ ನೋಡಿದವರಿಗೆ ಎರಡು ರಾತ್ರಿ ಬಿಟ್ಟಿ ಬಿಡಾರ, ಮೇಲೆ ಕರೆಂಟಿನ ಒಂದು ಬಾಣಲೆ. ನಾಲ್ಕೂ ಜನ ನಾಚಿಕೆಯಿಲ್ಲದೆ ಹೋದೆವು. ಇಸ್ತ್ರಿ ಅಂಗಿಯ ಹುಡುಗನೊಬ್ಬ ಪುಟ್ಟ ಗಾಡಿಯಲ್ಲಿ ಕೂರಿಸಿಕೊಂಡು ಈಜುಕೊಳ, ಬಿಸಿನೀರಿನ ತೊಟ್ಟಿ, ಬಟ್ಟೆ ಒಗೆಯುವ ಕೋಣೆ ಎಲ್ಲ ತೋರಿಸಿದ. ಒಮ್ಮೆ ದೊಡ್ಡ ಮೊತ್ತ ಕಟ್ಟಿ ಸೇರಿದರೆ ದೇಶದ ತುಂಬ ಇರುವ ತಮ್ಮ ಕ್ಯಾಂಪುಗಳಲ್ಲಿ ಬಾಡಿಗೆ ಇಲ್ಲದೆ ಇರಬಹುದು ಎಂದ. ಹಾರ್ಲನ್ ಅವನ ಕಿವಿಗೇ ಬೀಳುವಂತೆ, "ಬಿಟ್ಟಿ ಬಾಣಲೆಗೆ ಇಷ್ಟು ಬೆಲೆ ಕೊಟ್ಟೋರ್ನ ನಾನು ಕಂಡಿಲ್ಲಪ್ಪ" ಎಂದ. ಡ್ಯೂಯಿ ಮಾತ್ರ ಕರೆಂಟಿನ ಕಂಬವನ್ನೇ ನೋಡುತ್ತಿದ್ದ. ನಿದ್ದೆಯಲ್ಲಿ ಅವನಿಗೆ ಉಸಿರು ಕೊಡುವ ಯಂತ್ರ ಮರಳುಗಾಡಿನಲ್ಲಿ ಬ್ಯಾಟರಿ ತೀರಿ ನಿಂತುಹೋಗುತ್ತಿತ್ತು, ಬೆಳಗಿನ ತನಕ ನೀನು ಎದ್ದು ಕೂತು ಅವನ ಉಸಿರು ಕೇಳುತ್ತಿದ್ದೆ. ಇದು ನಮಗೆ ಗೊತ್ತಿತ್ತು. ಗೊತ್ತಿದ್ದೂ ನಾವು ಆ ಬಾಣಲೆಯನ್ನು ಮುಂದಿಟ್ಟುಕೊಂಡು ನಕ್ಕೆವು. ನೀವು ಸೇರಿದಿರಿ, ನಾವು ಸೇರಲಿಲ್ಲ.

ನಮಗೆ ಅದು ಲಾಭವಿರಲಿಲ್ಲ ಎಂಬುದು ನಿಜ. ಬೇಸಿಗೆಯಲ್ಲಿ ನಾವು ಊರಲ್ಲಿ, ಚಳಿಗಾಲದಲ್ಲಿ ಬಾಡಿಗೆ ಕೇಳದ ಸರ್ಕಾರದ ಮರಳುಗಾಡಿನಲ್ಲಿ. ಅವರ ಕ್ಯಾಂಪುಗಳು ಇರುವ ಕಡೆ ನಮಗೇನೂ ಕೆಲಸವಿರಲಿಲ್ಲ. ಹಾರ್ಲನ್ ಎಷ್ಟು ಸಲ ಕೂಡಿಸಿ ಕಳೆದರೂ ಅದೇ ಉತ್ತರ ಬಂತು. ನೀವು ಬಾಗಿಲೆದುರು ಇರುವುದಿಲ್ಲ ಎಂಬುದನ್ನು ಯಾವ ಸಾಲಿನಲ್ಲಿ ಬರೆಯಬೇಕೆಂದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಆದರೂ ಆ ಕಂಪನಿಯ ನಿಯಮವೊಂದಕ್ಕೆ ನಾನು ಒಳಗೊಳಗೇ ಕೈಮುಗಿಯುತ್ತಿದ್ದೆ. ಎರಡು ವಾರ ಒಳಗಿದ್ದರೆ ಒಂದು ವಾರ ಹೊರಗೆ ಹೋಗಲೇಬೇಕು, ಆಮೇಲೇ ಮತ್ತೆ ಪ್ರವೇಶ. ಆ ಹೊರಗಿನ ವಾರಕ್ಕೆ ನೀವು ಸೀದಾ ನಮ್ಮಲ್ಲಿಗೆ ಬರುತ್ತಿದ್ದಿರಿ. ಕ್ಯಾಂಪಿನ ಕಂಬದಲ್ಲಿ ತುಂಬಿಸಿಕೊಂಡ ದೊಡ್ಡ ಬ್ಯಾಟರಿಗಳನ್ನು ಡ್ಯೂಯಿ ಮಕ್ಕಳಂತೆ ಕಂಬಳಿ ಸುತ್ತಿ ತರುತ್ತಿದ್ದ. ನೀನು ನಿಂಬೆಹಣ್ಣಿನ ಸಿಹಿ ತರುತ್ತಿದ್ದೆ. ನಾನು ಹಿಂದಿನ ದಿನವೇ ಹುರುಳಿಕಾಯಿ ಬೀಜ ನೆನೆಹಾಕಿ, ನೆನೆಹಾಕಿದ್ದನ್ನು ಹಾರ್ಲನ್‌ಗೆ ಹೇಳುತ್ತಿರಲಿಲ್ಲ. ನೀವು ಬಂದರೆ ಅಕಸ್ಮಾತ್ ಬಂದಹಾಗಿರಲಿ ಎಂದು ನನ್ನ ಆಸೆ.

ಆ ಗಂಡಸರ ಮಾತು ಈಗಲೂ ಕಿವಿಯಲ್ಲಿದೆ. ಹಾರ್ಲನ್, "ಬಂದ್ರಪ್ಪ, ಜೈಲಿಂದ ಬಿಟ್ಟೋರು ಬಂದ್ರು" ಎನ್ನುತ್ತಿದ್ದ. "ನಮ್ಮ ಜೈಲಲ್ಲಿ ಬಿಸಿನೀರಿನ ತೊಟ್ಟಿ ಇದೆ, ನಿನ್ನ ಅರಮನೇಲಿ ಏನಿದೆ ಹೇಳು, ಚೇಳು" ಎಂದು ಡ್ಯೂಯಿ. "ಚೇಳಾದ್ರೂ ಒಂಬತ್ತು ಗಂಟೆಗೆ ದೀಪ ಆರ್ಸಿ ಅನ್ನಲ್ಲ." "ನಿನ್ನ ಮುಖ ನೋಡೋದಕ್ಕಿಂತ ದೀಪ ಆರ್ಸೋದೇ ವಾಸಿ ಬಿಡಪ್ಪ." ನಾವಿಬ್ಬರೂ ಪಾತ್ರೆ ತೊಳೆಯುತ್ತ ನಗುತ್ತಿದ್ದೆವು. ಈ ಮಾತಿಗೆಲ್ಲ ಮುಳ್ಳಿಲ್ಲ ಎಂದು ನಾನು ನಂಬಿದ್ದೆ.

ಕೊನೆಯ ಸಲ ನೀವು ಬಂದಾಗ ಹಾರ್ಲನ್ ಒಂದು ಮಾತು ಹೆಚ್ಚಾಡಿದ. "ಹೊರಗೆ ಹಾಕ್ದಾಗ ಮಾತ್ರ ನೆನಪಾಗ್ತೀವಲ್ಲಪ್ಪ ನಿನಗೆ. ಬೀದಿ ನಾಯೂ ಹಂಗೇ, ಎಲ್ಲಿ ಓಡಿಸ್ತಾರೋ ಅಲ್ಲಿಂದ ಇಲ್ಲಿಗೆ." ಎಲ್ಲರೂ ನಕ್ಕೆವು. ಡ್ಯೂಯಿ ಕೂಡ ನಕ್ಕ, ಕೋಲಿನಲ್ಲಿ ಕೆಂಡ ಕೆದಕಿದ, ಬೆನ್ನು ನೋಯುತ್ತದೆ ಎಂದು ಬೇಗ ಎದ್ದು ಹೋದ. ಬೆನ್ನುನೋವು ಇದ್ದದ್ದೇ ಆದ್ದರಿಂದ ನಾನು ಹೆಚ್ಚು ಯೋಚಿಸಲಿಲ್ಲ.

ಮುಂದಿನ ಚಳಿಗಾಲ ನಿನ್ನ ಫೋನ್ ಬಂತು. ದೊಡ್ಡ ಮೆಂಬರ್‌ಶಿಪ್‌ಗೆ ಬದಲಾಯಿಸಿಕೊಂಡಿದ್ದೀವಿ, ಇನ್ನು ಹೊರಗೆ ಹೋಗಲೇಬೇಕು ಅಂತಿಲ್ಲ, ಒಂದು ಕ್ಯಾಂಪಿನಿಂದ ಸೀದಾ ಇನ್ನೊಂದಕ್ಕೆ ಹೋಗಬಹುದು ಎಂದೆ. ನಾನು ಹೇಳಬೇಕಾಗಿದ್ದು, "ಹಂಗಾದ್ರೆ ನಮ್ಮ ವಾರ ಏನಾಯ್ತೇ?" ಎಂದು. ನಾನು ಹೇಳಿದ್ದು, "ಒಳ್ಳೇದಾಯ್ತು ಬಿಡು, ಈ ಧೂಳಿಗೆ ಬರೋ ತಾಪತ್ರಯ ತಪ್ತು." ಆದರೂ ಬರ್ತೀವಿ ಎಂದು ನೀನು ಹೇಳಲಿ ಎಂದು ನಾನು ಕಾದೆ. ಆಮೇಲೆ ಇಬ್ಬರೂ ಹವಾಮಾನದ ಮಾತಾಡಿದೆವು.

ಒಂದೇ ಒಂದು ಸಲ ನಾವು ನಿಮ್ಮಲ್ಲಿಗೆ ಬಂದೆವು. ಗೇಟಿನಲ್ಲಿ ಹೆಸರು ಬರೆಸಿ, ಕಾರಿನ ಕನ್ನಡಿಗೆ ಅತಿಥಿ ಚೀಟಿ ನೇತುಹಾಕಿ, ಕತ್ತಲಾಗುವ ಮೊದಲು ಹೊರಡಬೇಕೆಂದು ಹೇಳಿಸಿಕೊಂಡು ಒಳಗೆ ಬಂದೆವು. ಆಸ್ಪತ್ರೆಗೆ ರೋಗಿಯನ್ನು ನೋಡಲು ಬಂದವರಂತೆ ಕುರ್ಚಿಯ ತುದಿಯಲ್ಲಿ ಕೂತೆವು. ಡ್ಯೂಯಿ ಅಷ್ಟು ಸಭ್ಯನಾಗಿ ಮಾತಾಡಿದ್ದನ್ನು ನಾನು ಕಂಡಿರಲೇ ಇಲ್ಲ. ವಾಪಸ್ ಬರುವಾಗ ಹಾರ್ಲನ್, "ಬಿಸಿನೀರು ಸಿಕ್ಮೇಲೆ ನಾವ್ಯಾಕೆ ಬೇಕು ಅವನಿಗೆ" ಎಂದ. ಇರಬಹುದು ಎಂದುಕೊಂಡೆ. ನಾಲ್ಕು ಚಳಿಗಾಲ ಹಾಗೇ ಅಂದುಕೊಂಡೆ.

ಭಾನುವಾರ ನೀನು ಹೇಳಿದೆಯಲ್ಲ ನೋರೀನ್, ಅದನ್ನು ನಾನು ನಿಂತೇ ಕೇಳಿದೆ, ಕೂರಲು ಆಗಲಿಲ್ಲ. "ಹಾರ್ಲನ್ ಮಾತು ಡ್ಯೂಯಿಗೆ ನಾಟಿಬಿಟ್ಟಿತ್ತು ಕಣೇ. ಯಾರೋ ಹೊರಗೆ ಹಾಕಿದ್ರು ಅಂತ ಹೋಗೋದಲ್ಲ, ನಾನಾಗೇ ಇಷ್ಟಪಟ್ಟು ಹೋಗ್ಬೇಕು, ಆಗ ಅವನಿಗೆ ಗೊತ್ತಾಗುತ್ತೆ ಅಂದ. ಅದಕ್ಕೇ ಅಷ್ಟು ದೊಡ್ಡದಕ್ಕೆ ಸೇರಿದ್ದು. ನೀನು ಫೋನಲ್ಲಿ ಒಳ್ಳೇದಾಯ್ತು ಬಿಡು ಅಂದಿದ್ದನ್ನ ನಾನೇ ಹೋಗಿ ಅವನಿಗೆ ಹೇಳ್ದೆ. ನೋಡು, ಅವರಿಗೇ ನಾವು ಬೇಡ, ಅಂದ. ಪ್ರತಿ ವರ್ಷ ನೀವು ಬನ್ನಿ ಅಂತೀರೇನೋ ಅಂತ ಕಾಯ್ತಿದ್ದ."

ನಮ್ಮನ್ನು ನೋಡಲು ಬರುವ ಸ್ವಾತಂತ್ರ್ಯಕ್ಕಾಗಿ ಅವನು ಬೆಲೆ ಕೊಟ್ಟ. ಅದನ್ನು ನಾವು ನಮ್ಮಿಂದ ದೂರ ಹೋಗಲು ಕೊಟ್ಟ ಬೆಲೆ ಎಂದುಕೊಂಡೆವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಇದ್ದರೂ ಹೋಗುತ್ತದೆ ಎಂದು ಯಾರೂ ಹೇಳಿಕೊಡಲಿಲ್ಲ.

ಹಾರ್ಲನ್‌ಗೆ ಎಲ್ಲವನ್ನೂ ಹೇಳಿದೆ. "ತಮಾಷೆಗೆ ಅಂದಿದ್ದು" ಎಂದ. ಕಾಫಿ ಆರುವ ತನಕ ಕೂತಿದ್ದು, "ಅವನಿಗೆ ಗೊತ್ತಾಗ್ಲಿಲ್ವಾ ತಮಾಷೆ ಅಂತ?" ಎಂದು ಕೇಳಿದ. ಅದು ಅವನಿಗೆ ನಾಟಿದ್ದು ನನಗೂ ಗೊತ್ತಾಗಲಿಲ್ಲ ಎಂದೆ. ಮಾರನೆಯ ದಿನ, ಡ್ಯೂಯಿಯನ್ನು ಎಲ್ಲಿ ಮಣ್ಣು ಮಾಡಿದರು, ನೋರೀನ್‌ನ ಕೇಳಿದೆಯಾ ಎಂದ. ಕೇಳಿರಲಿಲ್ಲ. ಅದನ್ನು ತಿಳಿಸು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನನ್ನ ಹೆಸರು ಹಾಕಬೇಡ ಕಣೇ. ನಿನಗೆ ಹೇಳಿರಲಿಲ್ಲ, ಹಾರ್ಲನ್‌ನ ಮೂತ್ರಪಿಂಡ ಕೈಕೊಟ್ಟಿದೆ. ದಿನ ಬಿಟ್ಟು ದಿನ ಆಸ್ಪತ್ರೆಯಲ್ಲಿ ಯಂತ್ರದಿಂದ ರಕ್ತ ಶುದ್ಧ ಮಾಡಿಸಬೇಕು. ಮನೆಗಾಡಿಯನ್ನು ಶರತ್ಕಾಲದಲ್ಲೇ ಮಾರಿದೆವು. ಭಾನುವಾರ ಅವನು ಹೇಗಿದ್ದಾನೆ ಎಂದು ನೀನು ಕೇಳಿದಾಗ ಹಂಗೇ ಇದ್ದಾನೆ ಎಂದೆನಲ್ಲ, ಅದೂ ಆ ಒಲೆಯಂತೆಯೇ ಸುಳ್ಳು. ನಿನ್ನ ಪಕ್ಕದಲ್ಲಿ ಕೂತು ಬರಲು ನನಗೆ ಎಷ್ಟು ಆಸೆ ಎಂದು ಬರೆದರೆ ಕಾಗದ ಒದ್ದೆಯಾದೀತು. ಆದರೆ ಅವನನ್ನು ಬಿಟ್ಟು ಬರಲಾರೆ.

ಮೆಂಬರ್‌ಶಿಪ್ ಲಾಭವೇ ಎಂದರೆ, ಕೆಲವರಿಗೆ ಖಂಡಿತ ಲಾಭ. ರಾತ್ರಿಯಿಡೀ ಕರೆಂಟ್ ಬೇಕಾದವರಿಗೆ, ವರ್ಷಕ್ಕೆ ಬಹಳ ಕಾಲ ಗಾಡಿಯಲ್ಲೇ ಇರುವವರಿಗೆ, ಅವರು ಹೋಗುವ ದಾರಿಯಲ್ಲೇ ಆ ಕ್ಯಾಂಪುಗಳಿದ್ದರೆ. ಡ್ಯೂಯಿ ಅದರಿಂದಲೇ ಅಷ್ಟು ವರ್ಷ ಸುಖವಾಗಿ ಉಸಿರಾಡಿದ. ಅದನ್ನು ನಾವು ಅವನು ಬದುಕಿದ್ದಾಗ ಒಪ್ಪಿಕೊಳ್ಳಬೇಕಿತ್ತು. ನಿನ್ನ ಮಾತು ಬೇರೆ. ಆ ದೊಡ್ಡ ಗಾಡಿಯ ಸ್ಟೀರಿಂಗನ್ನು ನೀನು ಒಮ್ಮೆಯೂ ಹಿಡಿದವಳಲ್ಲ. ಅಕ್ಟೋಬರಿನಿಂದ ನಿಂತಲ್ಲೇ ನಿಂತಿದೆ ಎಂದೆ. ಕೊಳದ ಹತ್ತಿರ ಹೋದರೆ ಎಲ್ಲರೂ ಜೋಡಿ ಜೋಡಿ, ಅದಕ್ಕೇ ಈಗ ಹೋಗುವುದಿಲ್ಲ ಎಂದೆ. ಹಾಗಿದ್ದ ಮೇಲೆ ಮುಂದುವರಿಸಿ ನೀನು ಪಡೆಯುವುದು ಗೇಟಿನ ಒಳಗಿನ ಒಂದು ಜಾಗ ಮಾತ್ರ. ಬಿಟ್ಟುಬಿಡು. ಗಾಡಿಯನ್ನೂ ಮಾರಿಬಿಡು, ಕೊಳ್ಳುವವರು ಆ ಕ್ಯಾಂಪಿನಲ್ಲೇ ಸಿಗುತ್ತಾರೆ.

ಮಾರಿ ಎಲ್ಲಿಗೆ ಹೋಗಲಿ ಎನ್ನುತ್ತೀಯ. ಇಲ್ಲಿಗೆ ಬಾ. ಇಷ್ಟು ವರ್ಷದಲ್ಲಿ ಈ ಪದವನ್ನು ನಿನಗೆ ಮೊದಲ ಸಲ ಹೇಳುತ್ತಿದ್ದೇನೆ, ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ: ಬಾ. ಹಿಂದಿನ ಕೋಣೆಯಲ್ಲಿದ್ದ ಹೊಲಿಗೆ ಯಂತ್ರವನ್ನು ನಿನ್ನೆ ಪಕ್ಕಕ್ಕೆ ಸರಿಸಿದೆ, ಮಂಚಕ್ಕೆ ಬೇರೆ ಹಾಸಿಗೆ ಹಾಕಿದೆ. ಹಿಮ ಕರಗುವ ತನಕ ಇರು, ಇಷ್ಟವಾದರೆ ಆಮೇಲೂ ಇರು. ಇಲ್ಲಿ ಚಳಿ ಮೂಳೆ ಕೊರೆಯುತ್ತದೆ, ಹಾರ್ಲನ್ ಸಿಡುಕುತ್ತಾನೆ, ನಾನೂ ಮೊದಲಿನಂತಿಲ್ಲ. ತಾಪತ್ರಯ ಎಂದು ನಾನು ಇನ್ನೊಮ್ಮೆ ಅಂದರೆ ನಂಬಬೇಡ.

ತಾನೂ ಒಂದು ಸಾಲು ಬರೆಯುತ್ತೇನೆ ಎಂದು ಹಾರ್ಲನ್ ಈಗಷ್ಟೇ ಪೆನ್ನು ಇಸಿದುಕೊಂಡಿದ್ದ. ಬಹಳ ಹೊತ್ತು ಹಿಡಿದುಕೊಂಡು ಕೂತಿದ್ದು ವಾಪಸ್ ಕೊಟ್ಟ. "ನೀನೇ ಬರಿ. ನಾನು ಬರೀಬೇಕಾದೋನಿಗೆ ಇನ್ನು ಬರೆಯೋಕಾಗಲ್ಲ" ಎಂದ.

ದಾರಿಯುದ್ದಕ್ಕೂ ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ದಾರಿ ಕಾಯುವ
ಆರ್ಡಿತ್