ಮಂಗಳವಾರಕ್ಕೆ ಹೋದ ವಿಮಾನ

ನಾವುಂದ,
14 ಡಿಸೆಂಬರ್ 2025, ಆದಿತ್ಯವಾರ

ನನ್ನ ಪ್ರೀತಿಯ ಪ್ರೇಕ್ಷಾ,

ಅಜ್ಜಿ ಬರೆಯುವುದು. ಹುಷಾರಿದ್ದೀಯಾ ಮಗಾ? ಕೆಮ್ಮು ಬಿಟ್ಟಿತಾ? ಹೋದ ಸಲ ವೀಡಿಯೋದಲ್ಲಿ ಕಂಡಾಗ ನಿನ್ನ ಕುತ್ತಿಗೆಯ ಎಲುಬು ಎರಡೂ ಎದ್ದು ನಿಂತಿದ್ದವು. ಆ ಇಂಗ್ಲೆಂಡಿನ ಚಳಿಯಲ್ಲಿ ಬರೀ ಬ್ರೆಡ್ಡು ತಿಂದುಕೊಂಡಿದ್ದರೆ ಹಾಗೇ ಆಗುವುದು. ಒಣ ಸಿಗಡಿ ಕಳಿಸುವ ಎಂದರೆ ಪಕ್ಕದ ಮನೆಯ ವಿನಯಾ "ಏರ್‌ಪೋರ್ಟಲ್ ಹಿಡೀತ್ರ್ ಅಜ್ಜಿ, ನನ್ನ್ ಜೈಲಿಗ್ ಹಾಕ್ಸ್ತ್ಯಾ?" ಅಂದಳು. ಅದಕ್ಕೆ ಮಸಾಲೆ ಪುಡಿ ಮಾತ್ರ ಕಳಿಸಿದ್ದೇನೆ. ರಾತ್ರಿ ಗಂಜಿಯಾದರೂ ಬೇಯಿಸಿಕೊಂಡು ಉಣ್ಣು. ನನ್ನ ಮಂಡಿ ನೋವು ಇದ್ದ ಹಾಗೇ ಇದೆ. ನಿನ್ನ ಅಮ್ಮ ಸರೋಜಳಿಗೆ ಅತ್ತು ಅತ್ತು ಗಂಟಲು ಕಟ್ಟಿದೆ. ಅದೊಂದು ಮನೆಗೆ ಉಪಕಾರವೇ ಆಯಿತು.

ಫೋನು ಬಿಟ್ಟು ಕಾಗದ ಯಾಕೆ ಎಂದು ಕೇಳಬೇಡ. ಈ ಮನೆಯಲ್ಲಿ ಈಗ ಫೋನು ಎಂದರೆ ಸ್ಪೀಕರು. ನಾನು ಒಂದು ಮಾತು ಆಡಿದರೆ ನಿನ್ನ ಅಪ್ಪಯ್ಯ ಒಳಗಿನಿಂದ ನಾಲ್ಕು ಸೇರಿಸುತ್ತಾನೆ. ವಿನಯಾ ರಜೆ ಮುಗಿಸಿ ನಾಳೆ ನಿಮ್ಮ ಊರಿನ ಆಸ್ಪತ್ರೆಯ ಕೆಲಸಕ್ಕೆ ಹೊರಡುತ್ತಾಳಲ್ಲ, ಅವಳ ಕೈಯಲ್ಲಿ ಇದನ್ನು ಕೊಡುತ್ತೇನೆ. ಮೂರನೇ ಕ್ಲಾಸಿನ ಅಕ್ಷರ, ತಿಳಿಯದಿದ್ದರೆ ಅವಳನ್ನು ಕೇಳು. ಬೇಡ, ಕೇಳಬೇಡ, ಕಣ್ಣು ಕಿರಿದು ಮಾಡಿಕೊಂಡು ನೀನೇ ಓದು.

ನಿನ್ನ ಅಪ್ಪಯ್ಯ, ನಾನು ಹೆತ್ತ ಮಗ, ಗಂಟೆಗೊಮ್ಮೆ "ಅಬ್ಬಿ, ಬರ್ದ್ಯಾ?" ಎಂದು ಕೇಳುತ್ತಿದ್ದಾನೆ. ಅವನು ಬರೆಯಲು ಹೇಳಿದ್ದು ಒಂದೇ ಮಾತು. "ನಿನ್ ಮೊಮ್ಮಗ್ಳಿಗ್ ಹೇಳ್, ಬಪ್ಪ ವರ್ಷ ವಿಮಾನ ಶನಿವಾರವೇ ಬಪ್ಪಂಗ್ ಮಾಡ್ ಅಂದ್." ಮುಂದಿನ ಚಳಿಗಾಲಕ್ಕೆ ಯಾವ ವಿಮಾನ ಯಾವ ದಿನ ಯಾವ ಊರಿಗೆ ಎಂದು ನಿಮ್ಮ ವಿಮಾನ ಕಂಪನಿಯಲ್ಲಿ ನೀವು ಜನವರಿಯಲ್ಲಿ ಕೂತು ಗೊತ್ತು ಮಾಡುತ್ತೀರಿ ಎಂದು ನೀನೇ ಅವನಿಗೆ ಹೇಳಿದ್ದೆಯಂತೆ. ಅದಕ್ಕೇ ಈ ಅವಸರ. ಸರಿ, ಅವನು ಹೇಳಿದ್ದನ್ನು ಬರೆದಿದ್ದೇನೆ. ಇನ್ನು ನಾನು ಹೇಳುವುದನ್ನು ಕೇಳು.

ಸೆಪ್ಟೆಂಬರಿನಲ್ಲಿ ನೀನು ನನಗೆ ಫೋನಿನಲ್ಲಿ ತಿಳಿಸಿ ಹೇಳಿದ್ದೆ. ಮಂಗಳೂರಿಗೆ ಬರುವಷ್ಟು ದೂರ ಹಾರುವ ವಿಮಾನ ನಿಮ್ಮಲ್ಲಿ ಎರಡಿತ್ತು, ಒಂದರ ಬಾಡಿಗೆ ಕರಾರು ಮುಗಿದು ಯಜಮಾನರು ಹಿಂದಕ್ಕೆ ಕೊಂಡುಹೋದರು, ಉಳಿದದ್ದು ಒಂದೇ. ಶನಿವಾರ ಅದನ್ನು ಹಿಮದ ಗುಡ್ಡಕ್ಕೆ ಜಾರಲು ಹೋಗುವವರಿಗೆ ಓಡಿಸಬೇಕು, ಅವರಿಗೆ ಶನಿವಾರವೇ ಆಗಬೇಕು, ಅಲ್ಲಿ ವಾಸದ ಮನೆಗಳೆಲ್ಲ ಶನಿವಾರದಿಂದ ಶನಿವಾರಕ್ಕೇ ಸಿಗುವುದು. ಮಂಗಳವಾರ ವಿಮಾನ ಸುಮ್ಮನೆ ನಿಂತಿರುತ್ತದೆ, ಹಾಗಾಗಿ ಬೈಂದೂರಿನ ರೆಸಾರ್ಟಿಗೆ ಬರುವ ನೂರೆಂಬತ್ತು ಜನರನ್ನು ಮಂಗಳವಾರ ತರುವುದು ಎಂದೆ. ನಿನ್ನ ಅಪ್ಪಯ್ಯನಿಗೆ ಅದು ತಲೆಗೆ ಹೋಗಲಿಲ್ಲ. ನನಗೆ ಹೋಯಿತು. ನಲವತ್ತು ವರ್ಷ ಮೀನು ಹೊತ್ತು ಮಾರಿದವಳು ನಾನು, ಒಂದೇ ಬುಟ್ಟಿ, ಎರಡೇ ಕಾಲು. ಸೋಮವಾರ ಅರ್ಧ ಊರು ಮೀನು ಮುಟ್ಟುವುದಿಲ್ಲ, ಅವತ್ತು ನಾನು ಶಿರೂರಿನ ಮುಸ್ಲಿಮರ ಕೇರಿಗೆ ಬುಟ್ಟಿ ತಿರುಗಿಸುತ್ತಿದ್ದೆ. ಬುಟ್ಟಿ ಅಂಗಳದಲ್ಲಿ ಕೂತರೆ ಮೀನು ನಾರುತ್ತದೆ. ನೀನು ಮಾಡುವುದೂ ಅದೇ ಕೆಲಸ. ನಿನ್ನ ಬುಟ್ಟಿಗೆ ರೆಕ್ಕೆ ಇದೆ, ಅಷ್ಟೇ.

ಈಗ ನಿನ್ನ ಅಪ್ಪಯ್ಯನ ಬುದ್ಧಿವಂತಿಕೆಯನ್ನು ಕೇಳು. ಇದನ್ನು ನಿನಗೆ ಅವನು ಯಾವತ್ತೂ ಹೇಳಿರಲಿಕ್ಕಿಲ್ಲ. ಆರು ವರ್ಷದ ಹಿಂದೆ ವಿಮಾನ ಮೊದಲ ಸಲ ಬಂದಾಗ ಆ ಜನರನ್ನು ಮಂಗಳೂರಿನಿಂದ ರೆಸಾರ್ಟಿಗೆ ತರುವುದು ಯಾರು ಎಂದು ಜಗಳ ಎದ್ದಿತ್ತು. ಈಚೆ ಬೈಂದೂರು ಕಡೆಯ ವ್ಯಾನಿನವರು, ಅವರಿಗೆ ನಿನ್ನ ಅಪ್ಪಯ್ಯ ಮುಖಂಡ. ಆಚೆ ಬ್ರಹ್ಮಾವರದ ವ್ಯಾನಿನವರು, ಅವರಿಗೆ ರೋಹನ್. ಕೊನೆಗೆ ಹಾಯ್ಗುಳಿ ದೈವದ ಮುಂದೆ ಕಾಯಿ ಒಡೆದು ವಾರದ ದಿನಗಳನ್ನು ಹಂಚಿಕೊಳ್ಳುವುದು ಎಂದಾಯಿತು. ರೋಹನ್ ಪಾಪ, ವಾರ ಬಿಟ್ಟು ವಾರ ಮಾಡುವ ಎಂದಿದ್ದ. ನಿನ್ನ ಅಪ್ಪಯ್ಯ ಒಪ್ಪಲಿಲ್ಲ. ಶನಿವಾರ ಒಂದು ನಮಗಿರಲಿ ಎಂದು ಹಟ ಹಿಡಿದ. ಶನಿವಾರ ಬಿಟ್ಟು ವಿಮಾನ ಬೇರೆ ದಿನ ಬರುವುದುಂಟಾ ಎಂಬ ಧೈರ್ಯ. ನಾನು ಅಲ್ಲೇ ನಿಂತಿದ್ದೆ, ಅವನು ನಕ್ಕದ್ದು ಈಗಲೂ ಕಿವಿಯಲ್ಲಿದೆ. "ಉಳ್ದ್ ಆರ್ ದಿನ ನೀವೇ ಇಟ್ಕಣಿ ಮಾರಾಯ್ರೆ, ಹೆಂಡ್ತಿ ಮಕ್ಕಳ್ನ್ ಕೂರ್ಸ್ಕಂಡ್ ಊರ್ ತಿರ್ಗಿ." ಕಾಯಿ ಒಡೆಯಿತು. ದೈವ ಸಾಕ್ಷಿಯಾಯಿತು. ಈ ಕರಾವಳಿಯಲ್ಲಿ ಹಾಯ್ಗುಳಿಯ ಮುಂದೆ ಒಡೆದ ಕಾಯಿಯ ಮಾತನ್ನು ತಪ್ಪುವ ಗಂಡಸು ಇನ್ನೂ ಹುಟ್ಟಿಲ್ಲ.

ಹಾಗೆ ಮಂಗಳವಾರ ಎಂದ ಕೂಡಲೇ ನೂರೆಂಬತ್ತು ಜನವೂ ರೋಹನ್‌ನ ಪಾಲಾದರು. ನಿನ್ನ ಅಪ್ಪಯ್ಯ ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಮರ್ಯಾದೆ ಉಳಿಯುತ್ತಿತ್ತು. ವ್ಯಾನು ಸ್ಟ್ಯಾಂಡಿನಲ್ಲಿ ನಿಂತು "ವಿಮಾನ ನನ್ ಮಗ್ಳ್ ಕೈಯಗಿತ್ತ್, ಒಂದ್ ಫೋನ್ ಸಾಕ್" ಎಂದು ಎದೆ ತಟ್ಟಿಕೊಂಡ. ನಿನಗೆ ಫೋನು ಮಾಡಿದ, ಆಗುವುದಿಲ್ಲ ಎಂದೆ. ಸ್ಟ್ಯಾಂಡಿನವರು ನಕ್ಕರು. ನವೆಂಬರಿನಲ್ಲಿ ಈ ವರ್ಷದ ಮೊದಲ ವಿಮಾನ ಬಂದ ದಿನ ರೋಹನ್ ಕುಂದಾಪುರದ ಪೆಟ್ರೋಲ್ ಬಂಕಿನಲ್ಲಿ, ಹತ್ತು ಜನರೆದುರು, "ಹ್ವಾಯ್ ಸುಧಾಕರಣ್ಣ, ನಿಮ್ ಮಗ್ಳ್ ನಮ್ಗ್ ವಿಮಾನ ಕಳ್ಸಿದ್ಲ್, ಅವ್ಳಿಗ್ ಒಂದ್ ಸೀರಿ ಕೊಡ್ಕಲೆ" ಎಂದ. ನಿನ್ನ ಅಪ್ಪಯ್ಯ ಅಲ್ಲೇ ಅವನ ಮೂಗಿಗೆ ಗುದ್ದಿದ. ಬಿಳಿ ಅಂಗಿ ತುಂಬ ರಕ್ತ. ಅಲ್ಲಿಂದ ಶುರುವಾಯಿತು ನೋಡು. ಮರುದಿನ ನಮ್ಮ ಎರಡು ವ್ಯಾನಿನ ಟಯರು ಹರಿದವು. ಅದರ ಮರುದಿನ ಅವರ ವ್ಯಾನಿನ ಗಾಜು ಹೋಯಿತು. ಅವರಲ್ಲಿ ನಾಲ್ವರು ನಿನ್ನ ಚಿಕ್ಕಪ್ಪ ಪ್ರೇಮಾನಂದನನ್ನು ಬ್ರಹ್ಮಾವರದಲ್ಲಿ ಹಿಡಿದು ಅವನ ಕೈಯನ್ನು ವ್ಯಾನಿನ ಬಾಗಿಲಿನ ಸಂದಿಗೆ ಇಟ್ಟು ಬಾಗಿಲು ಹಾಕಿದರು. ಒಂದು ಸಲ ಅಲ್ಲ, ಮೂರು ಸಲ. ಅವನು ಈಗ ಅನ್ನವನ್ನು ಎಡಗೈಯಲ್ಲಿ ಉಣ್ಣುತ್ತಾನೆ. ನಿನಗೆ ಬೈಕಿನಿಂದ ಬಿದ್ದ ಎಂದಿದ್ದರು, ಸುಳ್ಳು.

ಮೊನ್ನೆ ಒಂಬತ್ತನೇ ತಾರೀಕು, ಮಂಗಳವಾರ. ಮಧ್ಯಾಹ್ನದ ಬಿಸಿಲು. ನಾನು ಹೆದ್ದಾರಿಯ ಪಕ್ಕ ಟಾರ್ಪಲಿನ ಅಡಿ ಮೀನು ಇಟ್ಟುಕೊಂಡು ಕೂತಿದ್ದೆ. ರೋಹನ್‌ನ ವ್ಯಾನುಗಳು ಒಂದರ ಹಿಂದೆ ಒಂದು ಜನರನ್ನು ತುಂಬಿಕೊಂಡು ಬೈಂದೂರಿನ ಕಡೆ ಬರುತ್ತಿದ್ದವು. ನಿನ್ನ ಅಪ್ಪಯ್ಯ ತನ್ನ ವ್ಯಾನನ್ನು ರಸ್ತೆಗೆ ಅಡ್ಡ ಇಟ್ಟ. ಅವನೊಟ್ಟಿಗೆ ಐದು ಜನ, ಕೈಯಲ್ಲಿ ಜಾಕಿನ ರಾಡು, ಕಲ್ಲು. ಮೊದಲನೇ ವ್ಯಾನಿನ ಡ್ರೈವರ್ ನಮ್ಮ ಕಿಟ್ಟ. ಹೌದು, ಅದೇ ಕಿಟ್ಟ, ಹಿಂದೆ ಬಸ್ಸು ಬಿಡುತ್ತಿದ್ದವನು, ನೀನು ಚೀಲ ಹಿಡಿದುಕೊಂಡು ಓಡಿ ಬರುವುದು ಕಂಡರೆ ಬ್ರೇಕು ಹಾಕಿ ಕಾಯುತ್ತಿದ್ದವನು. ಕಾಲರು ಹಿಡಿದು ಎಳೆದು ಡಾಂಬರಿನ ಮೇಲೆ ಕೆಡವಿದರು. "ಸುಧಾಕರ, ನಾನ್ ಗಾಡಿ ಬಿಡುವವ ಮಾರಾಯ, ನಂಗೆಂತ ಗೊತ್ತಿತ್ತ್?" ಎಂದ. ಅಷ್ಟೇ ಅವನು ಆಡಿದ್ದು. ಮಂಡಿಗೆ ರಾಡು ಬಿತ್ತು. ಒಣ ಸೌದೆ ಮುರಿದ ಹಾಗೆ ಸದ್ದು ಬಂತು, ನನಗೆ ರಸ್ತೆಯ ಈಚೆ ಕೇಳಿಸಿತು. ಅವನು ಮೊಣಕೈಯಲ್ಲಿ ತೆವಳಿಕೊಂಡು ವ್ಯಾನಿನ ಅಡಿಗೆ ಹೋಗಲು ನೋಡಿದ, ಕಾಲು ಹಿಡಿದು ಮತ್ತೆ ಎಳೆದರು. ಮುರಿದ ಕಾಲನ್ನೇ ಹಿಡಿದು ಎಳೆದರು ಮಗಾ. ಮುಖಕ್ಕೆ ಒದ್ದರು. ಹಲ್ಲು ಬಿದ್ದದ್ದು ನಾನು ಕಂಡೆ.

ಹಿಂದಿನ ವ್ಯಾನುಗಳೆಲ್ಲ ತಿರುಗಿಸಿಕೊಂಡು ಓಡಿದವು. ಇದೊಂದು ನಿಂತಿತು, ಒಳಗೆ ಹನ್ನೆರಡು ಜನ, ಬಾಗಿಲಿಗೆ ನಮ್ಮವರು ಅಡ್ಡ. ಕಲ್ಲು ಬಿದ್ದು ಗಾಜು ಒಡೆಯಿತು. ಕಿಟಕಿಯಲ್ಲಿ ನನ್ನ ಪ್ರಾಯದವಳೇ ಒಬ್ಬಳು, ನೀಲಿ ಟೊಪ್ಪಿ, ಹಣೆಯಿಂದ ರಕ್ತ ಇಳಿಯುತ್ತಿದೆ, ಒರೆಸಿಕೊಳ್ಳುವುದೂ ಇಲ್ಲ, ನನ್ನನ್ನೇ ನೋಡುತ್ತಿದ್ದಾಳೆ. ಅಷ್ಟರಲ್ಲಿ ನಿನ್ನ ಅಪ್ಪಯ್ಯ ತನ್ನ ಗಾಡಿಯಿಂದ ಪೆಟ್ರೋಲಿನ ಕ್ಯಾನು ತಂದ. ಬಾನೆಟ್ಟಿನ ಮೇಲೆ ಸುರಿದ, ಒಡೆದ ಕಿಟಕಿಯೊಳಗೂ ಎರಚಿದ. ಒಳಗಿನವರು ಕಿರುಚಿದ್ದು, ನಾನು ಈ ಎಪ್ಪತ್ತಾರು ವರ್ಷದಲ್ಲಿ ಅಂಥ ಕೂಗು ಕೇಳಿಲ್ಲ, ದೋಣಿ ಮಗುಚಿದಾಗಲೂ ಕೇಳಿಲ್ಲ. ಅವನು ಜೇಬಿನಿಂದ ಲೈಟರ್ ತೆಗೆದ. ಗಾಳಿಗೆ ಎರಡು ಸಲ ಹೊತ್ತಲಿಲ್ಲ. ಮೂರನೇ ಸಲ ಹೊತ್ತಿಸುವುದರೊಳಗೆ ಅವನ ಬಲಗೈಗೆ ಕತ್ತಿ ಬಿತ್ತು. ಎರಡು ಬೆರಳು, ಲೈಟರ್, ಎಲ್ಲ ಒಟ್ಟಿಗೆ ಕೆಳಗೆ. ಆ ಬೆರಳುಗಳನ್ನು ನಾನೇ ಹೆಕ್ಕಿ ಮೀನಿನ ಪೆಟ್ಟಿಗೆಯ ಐಸಿನಲ್ಲಿ ಇಟ್ಟು ಕಳಿಸಿದೆ. ಡಾಕ್ಟರಿಗೆ ಕೂಡಿಸಲು ಆಗಲಿಲ್ಲ.

ಕಿಟ್ಟನೇ ಕಡಿದದ್ದು ಎಂದು ನಿನ್ನ ಅಪ್ಪಯ್ಯ ದೂರು ಕೊಟ್ಟಿದ್ದಾನೆ. ಕೊಲ್ಲಲು ಬಂದ ಎಂದು ಕೇಸಾಗಿದೆ. ಕಿಟ್ಟ ಕುಂದಾಪುರದ ಆಸ್ಪತ್ರೆಯಲ್ಲಿ, ಕಾಲಿಗೆ ಕಬ್ಬಿಣದ ಸರಳು ಹಾಕಿ ಮಲಗಿಸಿದ್ದಾರೆ, ಬಾಗಿಲಲ್ಲಿ ಪೊಲೀಸು. ಕಾಲು ಕೂಡಿದ ಮೇಲೆ ಜೈಲು. ನಿನ್ನ ಅಪ್ಪಯ್ಯನ ಮೇಲೂ ಕೇಸಿದೆ, ಆದರೆ ತನ್ನ ಬೆರಳು ತೋರಿಸಿದರೆ ಅದು ಹಗುರಾಗುತ್ತದೆ ಎಂದು ಅವನ ವಕೀಲ ಹೇಳಿದ್ದಾನಂತೆ. ವ್ಯಾನಿನ ಒಳಗಿದ್ದವರು ಆಗ ಸೀಟಿನ ಅಡಿ ತಲೆ ಇಟ್ಟಿದ್ದರು, ಕಡಿದದ್ದನ್ನು ಯಾರೂ ಕಾಣಲಿಲ್ಲವಂತೆ. ಸಾಕ್ಷಿ ನಾನು. ಗುರುವಾರ ಹೇಳಿಕೆ ಕೊಡಲು ಬರಬೇಕಂತೆ.

ನೀನು ಮೊನ್ನೆ ಫೋನಿನಲ್ಲಿ, ನನ್ನಿಂದ ಹೀಗಾಯಿತಾ ಅಜ್ಜಿ, ನಾನು ಮೀಟಿಂಗಿನಲ್ಲಿ ಶನಿವಾರಕ್ಕೆ ಕೇಳಿ ನೋಡಲಾ ಎಂದು ಅತ್ತೆ. ಆ ಬಾಯಿಗೆ ಎರಡು ಬಿಡಬೇಕಿತ್ತು, ದೂರ ಇದ್ದೀಯ, ಬದುಕಿಕೊಂಡೆ. ನೀನು ಸರಿಸಿದ್ದು ಒಂದು ವಿಮಾನ. ಇವನ ಕೈಗೆ ರಾಡು ಕೊಟ್ಟವಳು ನೀನಲ್ಲ, ಪೆಟ್ರೋಲು ತುಂಬಿಸಿ ಕೊಟ್ಟವಳೂ ನೀನಲ್ಲ. ಹೊಡೆದವನಿಗೆ ವಿಮಾನ ಸಿಗುತ್ತದೆ ಎಂದು ಒಮ್ಮೆ ಗೊತ್ತಾದರೆ ಬರುವ ವರ್ಷ ರೋಹನ್ ಮಂಗಳವಾರಕ್ಕೆ ಇನ್ನೊಂದು ಕ್ಯಾನು ತುಂಬಿಸುತ್ತಾನೆ. ಕಾಗದದ ಮೇಲೆ ಗೆರೆ ಎಳೆಯುವವರು ಕೂಗಿಗೆ ಹೆದರಬಾರದು.

ನಿನಗೆ ನೂರು ವರ್ಷ ಆಯುಸ್ಸು ಇರಲಿ, ಹೊಟ್ಟೆ ತುಂಬ ಅನ್ನ ಇರಲಿ, ಹೊಡೆಯುವ ಕೈ ಇರುವ ಮನೆಗೆ ನೀನು ಸೊಸೆಯಾಗಿ ಹೋಗದಿರಲಿ. ಕಿವಿಗೆ ಬಟ್ಟೆ ಕಟ್ಟಿಕೊಂಡು ಹೊರಡು.

ನಿನ್ನ ಅಜ್ಜಿ,
ಜಲಜ

ತಾ.ಕ.: ವಿನಯಾಳ ಕಾರು ಬಂದಿದೆ ಎಂದುಕೊಂಡೆ, ಹಾಲಿನವನಂತೆ. ಇಷ್ಟು ಪುಟ ಬರೆದರೂ ಒಂದು ಮಾತಿಗೆ ಕೈ ಬರಲಿಲ್ಲ, ಬೆಳಗಾದ ಮೇಲೆ ಬರೆಯುತ್ತಿದ್ದೇನೆ. ಕಿಟ್ಟ ಕಡಿದದ್ದಲ್ಲ. ಅವನು ಆಗ ಎಚ್ಚರ ತಪ್ಪಿ ಬಿದ್ದಿದ್ದ. ಕಡಿದವಳು ನಾನು. ಮೀನು ಕೊಯ್ಯುವ ಕತ್ತಿ ಹಿಡಿದುಕೊಂಡೇ ರಸ್ತೆ ದಾಟಿದೆ. "ಸುಧಾ, ಒಳಗ್ ಜನ ಇತ್ತ್, ಬಿಸಾಡ್ ಅದ್ನ" ಎಂದು ಎರಡು ಸಲ ಕೂಗಿದೆ, ತಿರುಗಿಯೂ ನೋಡಲಿಲ್ಲ. ಲೈಟರ್ ಹಿಡಿದ ಕೈಯನ್ನು ಬಾನೆಟ್ಟಿನ ಮೇಲೆ ಊರಿದ್ದ. ಅಂಜಲ್ ಮೀನಿನ ಮುಳ್ಳು ತುಂಡಾಗಲು ಎಷ್ಟು ಬಲ ಬೇಕು ನನಗೆ ಗೊತ್ತು, ಅಷ್ಟೇ ಹಾಕಿದೆ. ಕಡಿದದ್ದು ನಾನೆಂದು ಅವನಿಗೂ ಗೊತ್ತು, ಅಲ್ಲಿದ್ದ ಐವರಿಗೂ ಗೊತ್ತು. "ಅಬ್ಬಿ, ಕೈ ನಂದ್, ಬೆರ್ಳ್ ನಂದ್, ಯಾರ್ ಕಡ್ದದ್ದ್ ಅಂದ್ ನಾನ್ ಹೇಳ್ತೆ, ನೀನ್ ಬಾಯ್ ಮುಚ್ಕಂಡ್ ಇರ್" ಎನ್ನುತ್ತಾನೆ. ಗುರುವಾರದವರೆಗೆ ನಾನು ಕಾಯುವುದಿಲ್ಲ. ಈ ಕಾಗದವನ್ನು ವಿನಯಾಳಿಗೆ ಕೊಟ್ಟು, ಕತ್ತಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬೈಂದೂರಿನ ಬಸ್ಸು ಹತ್ತುತ್ತೇನೆ, ಸ್ಟೇಷನ್ನಿಗೆ. ನೀನು ಓಡಿ ಬರಬೇಡ. ಎಷ್ಟು ಸಲ ಎತ್ತಿದೆ ಎಂದು ಕೇಳಿದರೆ ಒಂದೇ ಸಲ ಎನ್ನುತ್ತೇನೆ. ಅವನು ಇನ್ನೊಂದು ಕೈಯಲ್ಲಿ ಆ ಲೈಟರನ್ನು ಹೆಕ್ಕಿದ್ದರೆ ಎರಡನೇ ಸಲವೂ ಎತ್ತುತ್ತಿದ್ದೆ, ಅದನ್ನೂ ಬರೆದುಕೊಳ್ಳಿ ಎನ್ನುತ್ತೇನೆ.