ಪ್ರಿನ್ಸಿಪಾಲರ ಪುಸ್ತಕದಲ್ಲಿ ಒಂದು ಓಟು

ದಿಬ್ಬೂರಹಳ್ಳಿ
14 ಜೂನ್ 1966

ಕಾಲೇಜಿಗೆ ಪ್ರಿನ್ಸಿಪಾಲನಾದ ಚಿರಂಜೀವಿ ಚಲಪತಿಗೆ, ನಿನ್ನ ತಾಯಿ ಬರೆಯುವುದು.

ಚಿಂತಾಮಣಿಯಿಂದ ನೀನು ಬರೆದ ಕಾಗದ ಬಂತು. ಅಧಿಕಾರ ವಹಿಸಿಕೊಳ್ಳುವ ದಿನ ನಾನು ಬಂದು ಮುಂದಿನ ಸಾಲಿನಲ್ಲಿ ಕೂರಬೇಕಂತೆ. ಬರುವುದಿಲ್ಲ. ಕಾರು ಕಳಿಸಬೇಡ.

ರಾಜ್ಯಶಾಸ್ತ್ರ ಓದಿ ಮೇಷ್ಟ್ರಾದೆ, ಸಂತೋಷಪಟ್ಟೆ. ಆಮೇಲೆ ಡಾಕ್ಟರ್ ಪದವಿಗೆಂದು ನಮ್ಮೂರ ಪಂಚಾಯತಿ ಚುನಾವಣೆಯ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದೆಯಲ್ಲ, ಅದೇ ನಿನ್ನನ್ನು ಈ ಕುರ್ಚಿಗೆ ಹತ್ತಿಸಿತು. ಅದರಲ್ಲಿ ಊರಿಗೆ ಬೇರೆ ಹೆಸರಿಟ್ಟರೆ ಊರಿನವರಿಗೆ ತಿಳಿಯುವುದಿಲ್ಲವೆಂದುಕೊಂಡೆಯಾ? ಹೋದ ವರ್ಷ ನಿನ್ನ ಚಿಕ್ಕಪ್ಪ ವೆಂಕಟರಾಮಪ್ಪ ಆ ಪುಸ್ತಕ ತಂದು ನನ್ನ ಮುಂದಿಟ್ಟ. "ಅತ್ತಿಗೆ, ನೀವು ಹೈಸ್ಕೂಲು ಓದ್ದೋರು. ನಾನು ಸೋತಿದ್ದನ್ನ ನಿಮ್ಮಗ ಹೆಂಗೆ ಅಚ್ಚು ಹಾಕ್ಸವ್ನೆ, ಓದಿ ಹೇಳಿ" ಅಂದ.

ಓದಿದೆ. ಚಿಕ್ಕಪ್ಪ ಒಂದೇ ಓಟಿನಲ್ಲಿ ಸೋತ; ಮನೆತನದವರು ಕಟ್ಟು ಮುರಿಯುವವರಲ್ಲ; ಆದ್ದರಿಂದ ತೋಟ ಮಾಡುವ ಆಳೇ ಎದುರಾಳಿಗೆ ಹಾಕಿರಬೇಕು ಎಂದು ಬರೆದಿದ್ದೀ. ಆಳು ಅಂದರೆ ಆವಲಪ್ಪ ಎಂದು ಕೂಸಿಗೂ ಗೊತ್ತು. ಅವನು ನಿನಗೆ ಹೇಳಿದ್ದೇನು? "ನಮ್ಮ ಯಜಮಾನ್ರಿಗೇ ಹಾಕ್ದೆ ಕಣಪ್ಪಾ, ದೇವ್ರಾಣೆ." ಅದನ್ನೂ ಬರೆದು, ಹೆದರಿ ಹೀಗೆಂದ ಎಂದು ಕೆಳಗೆ ಸೇರಿಸಿದೆ. ದೊಡ್ಡ ಪಂಡಿತ!

ಮಾರನೆಯ ದಿನವೇ ಚಿಕ್ಕಪ್ಪ ಅವನನ್ನು ಹಿಪ್ಪುನೇರಳೆ ತೋಟದಿಂದ ಓಡಿಸಿದ. ಅವನು ಸಾಕಿದ್ದ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ನಾಲ್ಕೇ ದಿನವಿತ್ತು. ಸೊಪ್ಪಿಲ್ಲದೆ ತಟ್ಟೆಯಲ್ಲೇ ಸತ್ತವು. ಈಗ ಗಂಡಹೆಂಡಿರು ಮುರುಗಮಲ್ಲದಲ್ಲಿ ಕೂಲಿ ಮಾಡುತ್ತಾರೆ. ಹೋದ ವಾರ ಅವನ ಹೆಂಡತಿ ಮುನಿಗಂಗಮ್ಮ ಬಸ್ಸಿನಲ್ಲಿ ಸಿಕ್ಕಿದಳು. "ನಮ್ಮ ಜಗಲಿ ಮ್ಯಾಲೆ ಕೂತು ಮುದ್ದೆ ಉಂಡೋನು ಹಿಂಗ್ ಬರೆಯೋದಾ ಅಮ್ಮಣ್ಣಿ?" ಎಂದು ಎಲ್ಲರೆದುರು ಕೇಳಿದಳು.

ಚಿಕ್ಕಪ್ಪನಿಗೆ ಓದಿ ಹೇಳುವಾಗ ಆ ಪುಟವನ್ನು ಮಗುಚಿ ನಾನು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ನನ್ನ ತಪ್ಪನ್ನು ನಾನು ನೋಡಿಕೊಳ್ಳುತ್ತೇನೆ, ನಿನ್ನದನ್ನು ನೀನು ನೋಡಿಕೋ. ಮುರುಗಮಲ್ಲಕ್ಕೆ ಹೋಗಿ ಅವನೆದುರು ನಿಂತು ತಪ್ಪಾಯಿತೆನ್ನು. ಅಲ್ಲಿಯವರೆಗೆ ಈ ಮನೆಯ ಹೊಸಿಲು ತುಳಿಯಬೇಡ.

ಹೆತ್ತ ತಪ್ಪಿಗೆ ಇನ್ನೂ ನಿನ್ನ ತಾಯಿ,
ಅಮ್ಮಾಜಮ್ಮ

ಮೇಲೆ ಬರೆಯದೆ ಬಿಟ್ಟ ಮಾತು: ಎದುರಾಳಿಗೆ ಓಟು ಹಾಕಿದವಳು ನಾನು. ಹೆಣ್ಣುಮಕ್ಕಳಿಗೆ ಮಿಡ್ಲ್ ಸ್ಕೂಲು ಯಾಕೆ ಎಂದವನಿಗೆ ಹೇಗೆ ಹಾಕಲಿ? ಇವತ್ತು ಬೆಳಿಗ್ಗೆ ನಿನ್ನ ಚಿಕ್ಕಪ್ಪನಿಗೆ ಹೇಳಿದೆ, ತೋಟ ಆವಲಪ್ಪನಿಗೇ ಹೋಗಬೇಕೆಂದೂ ಹೇಳಿದೆ. ಚಿಕ್ಕಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಯಾರಿಗೆ ಹಾಕಿದಿರಿ ಎಂದು ನೀನು ಊರಲ್ಲಿ ಎಲ್ಲರನ್ನೂ ಕೇಳಿ ಬರೆದುಕೊಂಡೆ. ನನ್ನನ್ನು ಕೇಳಲಿಲ್ಲ.