ಲಾಲಿ ಪ್ಲೇಟಿನ ತಿರುಪು

ನಂದಿದುರ್ಗ ಲೈನು,
ಸೋಮವಾರ, 15-2-1937

ಚಿ. ಸೌ. ಮುನಿರತ್ನಳಿಗೆ,

ಎಂದಿನ ಹಾಗೆ ಆಶೀರ್ವಾದ ಅಂತ ಶುರುಮಾಡೋಕೆ ಕೈ ಬರಲಿಲ್ಲ. ತಪ್ಪು ಮಾಡಿದೋನು ಯಾವ ಮುಖ ಇಟ್ಟುಕೊಂಡು ಆಶೀರ್ವಾದ ಮಾಡಬೇಕು? ಈ ಕಾಗದ ಹರಿದು ಒಲೆಗೆ ಹಾಕೋದಾದರೆ ಹಾಕು, ಆದರೆ ಓದಿ ಹಾಕು.

ನಾನು ಚೆನ್ನಾಗಿದೀನಿ. ಚೆನ್ನಾಗಿದೀನಿ ಅಂದರೆ, ಸಾರಿಗೆ ಎರಡು ಸಲ ಉಪ್ಪು ಹಾಕಿ, ಅದನ್ನೇ ಉಂಡು, ಗಣಿಯ ಇಂಜಿನ್ ಮನೆಗೆ ಹೋಗ್ತೀನಿ, ಫಿಟ್ಟರ್ ಕೆಲಸ ಮಾಡ್ತೀನಿ, ಬರ್ತೀನಿ. ನೀನು ಮಗು ಅಮ್ಮಾಜಿಯನ್ನ ಎತ್ತಿಕೊಂಡು ಬಂಗಾರಪೇಟೆ ಸೇರಿ ಎಂಟು ತಿಂಗಳಾಯಿತು. ಮದರಾಸಿಗೆ ಹೋಗಿ ಗ್ರಾಮಫೋನ್ ಪ್ಲೇಟಿಗೆ ಹಾಡೋದಾದರೆ ಹಾಗೇ ತವರಿಗೆ ಹೋಗು, ಈ ಬಾಗಿಲಿಗೆ ಬರಬೇಡ ಅಂತ ಕಿರುಚಿದೋನು ನಾನೇ. ನನ್ನ ಮಾತು ಯಾವತ್ತೂ ಕೇಳದೋಳು ಅದೊಂದನ್ನ ಮಾತ್ರ ಕೇಳಿಬಿಟ್ಟೆ ನೋಡು!

ದೀಪಾವಳಿ ಆದಮೇಲೆ ಆರುಮುಗಂ ಕಾಫಿ ಹೋಟೆಲಿಗೆ ನಿನ್ನ ಪ್ಲೇಟು ಬಂತು. ಅಮ್ಮಾಜಿಯನ್ನ ಮಲಗಿಸೋಕೆ ನೀನು ಹಾಡ್ತಿದ್ದ ಅದೇ ನೀಲಾಂಬರಿ ಲಾಲಿ. ಮೂಲೆ ಬೆಂಚಲ್ಲಿ ಕೂತು ಕೇಳಿದೆ. ಅಯ್ಯೋ, ಅದೇನು ಓಟ! ದನಿ ಕೀರಲು, ತಾಳ ಹಿಂದೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ. ಕಾಫಿ ಆರೋಕೆ ಮುಂಚೆ ಹಾಡು ಮುಗೀತು. ಸುತ್ತ ಕೂತೋರು ಭಲೇ ಅಂದರು, ನಾನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ. ಮನೆಗೆ ಬಂದೋನೇ ಆ ಕೆಟ್ಟ ಕಾಗದ ಬರೆದೆ. ಈ ವೇಗದಲ್ಲಿ ಲಾಲಿ ಹಾಡಿದರೆ ಮಗು ಮಲಗಲ್ಲ, ಎದ್ದು ಕುಣಿಯುತ್ತೆ, ಗಂಡನ ಮನೆ ಬಿಟ್ಟ ಖುಷಿ ನಿನ್ನ ದನಿಯಲ್ಲೇ ಕೇಳುತ್ತೆ ಅಂತೆಲ್ಲ. ಅದನ್ನ ಈಗ ಮತ್ತೆ ಬರೆಯೋಕೇ ನಾಚಿಕೆಯಾಗುತ್ತೆ.

ಹೋದ ವಾರ ನಿಮ್ಮಣ್ಣ ಮುನಿಶಾಮಿ ಸಂತೆಯಲ್ಲಿ ಸಿಕ್ಕಿದ್ದ. ಮೊದಲು ಮುಖ ತಿರುಗಿಸಿದ. ಆಮೇಲೆ ಹೇಳಿದ, ಆ ಕಾಗದ ಬಂದ ದಿನದಿಂದ ನೀನು ಗಂಟಲೇ ತೆರೆದಿಲ್ಲ ಅಂತ. ಅಮ್ಮಾಜಿಗೂ ಹಾಡಲ್ಲವಂತೆ, ಸುಮ್ಮನೆ ತಟ್ಟಿ ಮಲಗಿಸ್ತೀಯಂತೆ. ನಮ್ಮಪ್ಪ ನಾಗಸ್ವರ ಪಕ್ಕಕ್ಕಿಟ್ಟು ಯೇಳ್ಕೊಟ್ಟ ಇದ್ಯೆ, ನೀನು ಒಂದು ಕಾಗದದಾಗೆ ಕೊಂದಾಕ್ಬುಟ್ಟೆ ಬಾವಾ ಅಂದು ಹೊರಟೇಹೋದ.

ನಿನ್ನೆ ಭಾನುವಾರ ಆರುಮುಗಂನ ಗ್ರಾಮಫೋನಿನ ಸ್ಪ್ರಿಂಗು ಕೈಕೊಟ್ಟಿತು. ರಿಪೇರಿ ಮಾಡಿಕೊಡು ಅಂತ ಪ್ಲೇಟುಗಳ ಸಮೇತ ತಂದು ನಮ್ಮ ಜಗುಲಿ ಮೇಲಿಟ್ಟ. ಅದರ ಹೊಟ್ಟೆ ಬಿಚ್ಚಿದೆ. ನಮ್ಮ ಇಂಜಿನ್ನಿನಲ್ಲಿ ಇರೋ ಹಾಗೇ ವೇಗ ಹತೋಟಿಯಲ್ಲಿಡೋ ಪುಟಾಣಿ ಗುಂಡುಗಳು, ಪಕ್ಕದಲ್ಲಿ ಅದನ್ನ ಹೆಚ್ಚುಕಮ್ಮಿ ಮಾಡೋ ಒಂದು ತಿರುಪು. ಆ ತಿರುಪು ಪೂರ್ತಿ ಜೋರಿನ ಕಡೆಗೆ ತಿರುಗಿ ಕೂತಿತ್ತು! ಇದೇನಯ್ಯಾ ಅಂದರೆ ಹಲ್ಲು ಕಿರಿದು, ಪಾಟು ಬಿರ್ರನೆ ಮುಗುದ್ರೆ ಕಾಫಿ ಕುಡ್ದೋರು ಎದ್ದೋಯ್ತಾರೆ ಅಣ್ಣೋ, ಇಲ್ದಿದ್ರೆ ಬೆಂಚು ಬಿಡಾಕಿಲ್ಲ ಅಂದ. ಅವನ ಬೆಂಚು ಖಾಲಿಯಾಗಲಿ ಅಂತ ನಿನ್ನ ಹಾಡು ಓಡಿತ್ತು ರತ್ನ, ನೀನಲ್ಲ. ದಿನಾ ಇಂಜಿನ್ ವೇಗ ನೋಡೋದೇ ನನ್ನ ಕಸುಬು. ಹೆಂಡತಿಯ ಹಾಡಿನ ವೇಗ ಗೊತ್ತಾಗಲಿಲ್ಲವಲ್ಲ, ನನ್ನ ಬುದ್ಧಿಗೆ ಏನು ಹೇಳಲಿ!

ಸ್ಪ್ರಿಂಗು ಕೂರಿಸಿ, ಸಂಜೆಗೆ ಬಾ ಅಂತ ಅವನನ್ನ ಕಳಿಸಿ, ಒಬ್ಬನೇ ಕೂತು ನಿನ್ನ ಪ್ಲೇಟು ಹಾಕಿದೆ. ತಿರುಪನ್ನ ಇಷ್ಟಿಷ್ಟೇ ಹಿಂದಕ್ಕೆ ತಿರುಗಿಸಿದೆ. ಕೀರಲು ಇಳೀತಾ ಬಂತು. ನೀನು ಯಾವಾಗಲೂ ಹಾಡೋ ಐದು ಮನೆ ಶ್ರುತಿಗೆ ಸರಿಯಾಗಿ ತಂದು ನಿಲ್ಲಿಸಿದೆ. ಹೇಗೆ ಅನ್ನೋದನ್ನ ಕೊನೆಗೆ ಹೇಳ್ತೀನಿ. ಅಲ್ಲಿ ನಿನ್ನ ದನಿ ಬಂತು. ಪಕ್ಕದ ಮನೆ ಚಿಕ್ಕವೆಂಕಟಮ್ಮ ಕೈಯಲ್ಲಿದ್ದ ಮೊರದ ಸಮೇತ ಓಡಿಬಂದು, ಬಂದ್ಬುಟ್ಳಾ, ಎಲ್ಲವ್ಳೆ ಅಂತ ಅಡಿಗೆ ಮನೆಯೆಲ್ಲ ಹುಡುಕಿದಳು. ಇಲ್ಲ ಕಣಮ್ಮಾ ಅಂತ ಪ್ಲೇಟಿನ ಕಡೆ ಕೈ ತೋರಿಸಿದೆ.

ಎರಡನೇ ಸಾಲಿಗೆ ನನ್ನ ಕೈ ಇಲ್ಲದ ಹಗ್ಗವನ್ನ ತಾನಾಗಿ ಎಳೆಯೋಕೆ ಶುರುಮಾಡಿತು. ಜ್ಞಾಪಕ ಇದೆಯಾ? ಪಾಳಿ ಮುಗಿಸಿ ಬಂದು ನಾನು ಗೋಡೆಗೊರಗಿ ತೊಟ್ಟಿಲ ಹಗ್ಗ ಎಳೀತಿದ್ದೆ, ನೀನು ಮುದ್ದೆ ತಿರುವುತ್ತಾ ಹಾಡ್ತಿದ್ದೆ. ನಾನು ತೂಕಡಿಸಿದರೆ ತೊಟ್ಟಿಲು ನಿಧಾನವಾಗೋದು, ಅದರ ಜೊತೆ ನಿನ್ನ ಹಾಡೂ ನಿಧಾನವಾಗೋದು. ಪ್ಲೇಟಿನಲ್ಲೂ ಅದೇ ಎಳೆತ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇಲ್ಲ. ಕೊನೇ ಸಾಲಲ್ಲಿ ಸ್ವಲ್ಪ ತಡೆದು ಹಾಡಿದ್ದೀಯ, ನಾನು ತೂಕಡಿಸಿದ ಹಾಗೆ. ಗೊತ್ತಿಲ್ಲದ ಊರಲ್ಲಿ, ಗೊತ್ತಿಲ್ಲದೋರ ಮುಂದೆ ನಿಂತು, ಬೈದು ಕಳಿಸಿದ ಗಂಡನ ಹಗ್ಗದ ಎಳೆತಕ್ಕೇ ಹಾಡಿದ್ದೀಯಲ್ಲೇ! ಮೂರು ನಿಮಿಷದ ಹಾಡು, ಆರು ಸಲ ಹಾಕಿದೆ, ಆರು ಸಲವೂ ಅತ್ತೆ.

ಬರೋ ಭಾನುವಾರ ಮಾರಿಕುಪ್ಪಂ ರೈಲಿಗೆ ಹೊರಟು ಬಂಗಾರಪೇಟೆಗೆ ಬರ್ತೀನಿ. ಮನೆಗೆ ಬಾ ಅಂತ ಕರೆಯೋ ಯೋಗ್ಯತೆ ನನಗಿಲ್ಲ, ಬಂದರೆ ಬೇಡ ಅನ್ನೋ ಅಷ್ಟು ಪೆದ್ದನೂ ಈಗ ಅಲ್ಲ. ಇನ್ನು ಎಷ್ಟು ಪ್ಲೇಟಿಗಾದರೂ ಹಾಡು, ಮದರಾಸಿಗೆ ಟ್ರಂಕು ಹೊತ್ತು ನಾನೇ ಬರ್ತೀನಿ. ಅದೆಲ್ಲ ಇರಲಿ. ಅಮ್ಮಾಜಿಗೆ ಹಾಡು. ನನ್ನ ಮೇಲಿನ ಸಿಟ್ಟಿಗೆ ಮಗುವಿನ ಲಾಲಿ ನಿಲ್ಲಿಸಬೇಡ, ನಿನ್ನ ಕಾಲಿಗೆ ಬೀಳ್ತೀನಿ.

ಇಂತಿ, ನಿನ್ನ ಹಾಡಿಗೆ ತೊಟ್ಟಿಲು ತೂಗುತ್ತಿದ್ದ,
ಕೋದಂಡಪ್ಪ

ತಾ.ಕ.: ಶ್ರುತಿ ಹೇಗೆ ಸರಿಮಾಡಿದೆ ಅಂದರೆ, ನಿನ್ನ ಶ್ರುತಿ ಪೆಟ್ಟಿಗೆಯನ್ನ ಪಕ್ಕದಲ್ಲಿಟ್ಟು, ತಿದಿ ಒತ್ತಿ, ಅದಕ್ಕೆ ಪ್ಲೇಟನ್ನ ಕೂಡಿಸಿದೆ. ನೀನು ಹೋದ ಹೊಸದರಲ್ಲಿ ಪೆಟ್ಟಿಗೆ ಕಳಿಸು ಅಂತ ಹೇಳಿಕಳಿಸಿದಾಗ, ಇಲಿ ತಿದಿ ಕಡಿದಿದೆ, ಸರಿಮಾಡಿಟ್ಟಿರ್ತೀನಿ ಅಂದಿದ್ದೆ. ಸುಳ್ಳು. ಅದು ನಿನ್ನ ಕೈ ಸೇರಿದರೆ ಈ ಮನೆಗೆ ಬರೋಕೆ ನಿನಗೆ ಇನ್ನೊಂದು ನೆವ ಉಳಿಯಲ್ಲ ಅಂತ ನಿನ್ನ ಹಳೇ ಸೀರೆಯಲ್ಲಿ ಸುತ್ತಿ ಬಚ್ಚಿಟ್ಟಿದ್ದೆ. ಭಾನುವಾರ ತರ್ತೀನಿ. ಪೆಟ್ಟಿಗೆ ಒಳಗೆ ತಗೊಂಡು ಬಾಗಿಲು ಹಾಕಿಕೊಂಡರೂ ಸರಿ, ಅಮ್ಮಾಜಿಗೆ ಹಾಡು. ನಾನು ಜಗುಲಿ ಮೇಲೆ ಕೂತು ಕೇಳಿ, ಸಂಜೆ ರೈಲಿಗೆ ಹೊರಡ್ತೀನಿ.